ಹಿನ್ನೀರಿನ ಹಕ್ಕಿ, ಹಿತ್ತಲಿನ ಕೋಳಿ: ಹಕ್ಕಿಜ್ವರ ತಡೆಯುವ ಬಗೆ

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಅಂದರೆ ಬಾಗಲಕೋಟೆ, ಬೀಳಗಿ ಕಡೆಯ ಊರುಗಳಲ್ಲಿ ಜವಾರಿ ಕೋಳಿ ಸಾಕಿದವರು ಚಳಿಗಾಲದಲ್ಲಿ ತಿಳಿದಿರಬೇಕಾದ ಮೊದಲ ಸಂಗತಿ ಇದು: ವಲಸೆ ಹಕ್ಕಿಗಳು ಹಕ್ಕಿಜ್ವರವನ್ನು ತರಬಲ್ಲವು, ಆದರೆ ಅವು ನೇರವಾಗಿ ನಿಮ್ಮ ಗೂಡಿನೊಳಗೆ ಬರುವುದು ಅಪರೂಪ. ಅವುಗಳ ಹಿಕ್ಕೆಯನ್ನು ಅಲ್ಲಿಯವರೆಗೆ ಹೊತ್ತು ತರುವವರು ಹೆಚ್ಚಾಗಿ ನಾವೇ.

ಈ ವೈರಾಣುವಿಗೆ ಬಾತು, ಹೆಬ್ಬಾತು, ಕಡಲಕ್ಕಿಗಳೇ ಸಹಜ ನೆಲೆ. ಅವುಗಳಲ್ಲಿ ಸಾಮಾನ್ಯವಾಗಿ ಸೌಮ್ಯವಾಗಿರುವ ತಳಿ ಕೋಳಿಗಳ ಗುಂಪನ್ನು ಹೊಕ್ಕು ಉಗ್ರವಾಗುತ್ತದೆ, ಮತ್ತೆ ಕಾಡುಹಕ್ಕಿಗಳಿಗೇ ಮರಳುತ್ತದೆ. ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ 2005ರಲ್ಲಿ, ಹಿಮಾಚಲದ ಪೋಂಗ್ ಜಲಾಶಯದಲ್ಲಿ 2020–21ರ ಚಳಿಗಾಲದಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಎರಡೂ ಕಡೆ ಹೆಚ್ಚು ಬಲಿಯಾದದ್ದು ನಮ್ಮ ಹಿನ್ನೀರಿಗೂ ಬರುವ ಪಟ್ಟೆತಲೆ ಹೆಬ್ಬಾತು. ಆದ್ದರಿಂದ ಅವುಗಳನ್ನೇ ದೂರಿ ಕಲ್ಲು ಹೊಡೆದು ಓಡಿಸುವುದರಲ್ಲಿ ಅರ್ಥವಿಲ್ಲ. ಚೆದುರಿದ ಹಿಂಡು ಇನ್ನೂ ಹತ್ತು ಹೊಲಗಳಲ್ಲಿ ಇಳಿಯುತ್ತದೆ, ಅಷ್ಟೇ.

ಎಚ್ಚರ ವಹಿಸಬೇಕಾದದ್ದು ನೀರು ಮತ್ತು ಕಾಲಿಗೆ ಮೆತ್ತುವ ಕೆಸರಿನ ವಿಷಯದಲ್ಲಿ. ತಣ್ಣನೆಯ ನೀರಿನಲ್ಲಿ ಈ ವೈರಾಣು ಬಹುದಿನ ಉಳಿಯುತ್ತದೆ, ಒಣ ಬಿಸಿಲಿನಲ್ಲಿ ಬೇಗ ಸಾಯುತ್ತದೆ. ಹಿನ್ನೀರಿನಿಂದ ಕೊಡದಲ್ಲಿ ತಂದ ನೀರನ್ನು ಕೋಳಿಗಳಿಗೆ ಇಡಬೇಡಿ. ಬೋರ್‌ವೆಲ್ ಅಥವಾ ನಳದ ನೀರು ಕೊಡಿ. ನೀರು ಇಳಿದ ಮೇಲೆ ಕಾಣುವ ಕೆಸರಿನಲ್ಲಿ ಹಕ್ಕಿಗಳು ಮೇಯುತ್ತವೆ, ಅದೇ ಕೆಸರಿನಲ್ಲಿ ದನ ಕಾಯುವವರು ನಡೆದು ಬಂದು ಸಂಜೆ ಅದೇ ಚಪ್ಪಲಿಯಲ್ಲಿ ಗೂಡಿನ ಬಾಗಿಲು ತೆರೆಯುತ್ತಾರೆ. ಗೂಡಿನ ಬಳಿ ಬೇರೆ ಜೋಡು ಚಪ್ಪಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಹೊಸ್ತಿಲಿಗೆ ಸುಣ್ಣ ಹಾಕುವವರಿದ್ದಾರೆ, ತಪ್ಪೇನಿಲ್ಲ. ಆದರೆ ಕೆಸರು ಮೆತ್ತಿದ ಚಪ್ಪಲಿಯನ್ನು ಮೊದಲು ತೊಳೆಯದಿದ್ದರೆ ಸುಣ್ಣ ಅಟ್ಟೆಗೆ ತಾಗುವುದೇ ಇಲ್ಲ. ಕಾಳನ್ನು ಬಯಲಿನಲ್ಲಿ ಚೆಲ್ಲದೆ ಸೂರಿನ ಕೆಳಗೆ ಹಾಕಿ. ಸಾಕುಬಾತುಗಳಿದ್ದರೆ ಹಿನ್ನೀರಿಗೆ ಬಿಡದೆ ಕೋಳಿಗಳಿಂದ ದೂರವಿಡಿ, ಏಕೆಂದರೆ ಅವು ಕಾಯಿಲೆ ತೋರದೆಯೇ ವೈರಾಣುವನ್ನು ಹೊರಹಾಕಬಲ್ಲವು. ಸಂತೆಯಿಂದ ತಂದ ಕೋಳಿ, ಬೇರೆ ಫಾರ್ಮಿನಿಂದ ಬಂದ ಮೊಟ್ಟೆ ಟ್ರೇ, ಕೋಳಿ ಸಾಗಿಸುವ ಗಾಡಿ ಇವುಗಳಿಂದಲೂ ರೋಗ ಬರುತ್ತದೆ. ಹೊಸ ಕೋಳಿಯನ್ನು ಎರಡು ವಾರವಾದರೂ ಬೇರೆ ಇಡಿ.

ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ, ಜುಟ್ಟು ನೀಲಿಗಟ್ಟಿ ತಲೆ ಊದಿಕೊಂಡರೆ "ಇದು ಕೊಕ್ಕರೆ ರೋಗವೇ" (ರಾಣಿಖೇತ್ ಎಂಬ ಕೋಳಿರೋಗ) ಎಂದು ತೀರ್ಮಾನಿಸಬೇಡಿ. ಕಣ್ಣಿಗೆ ಎರಡೂ ಒಂದೇ ಬಗೆ. ಹಕ್ಕಿಜ್ವರವನ್ನು ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯ. ಸತ್ತ ಹಕ್ಕಿಯನ್ನು, ಅದು ದಂಡೆಯ ಹೆಬ್ಬಾತಾದರೂ, ಬರಿಗೈಯಲ್ಲಿ ಮುಟ್ಟದೆ, ನೀರಿಗೆ ಎಸೆಯದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸಾಯುತ್ತಿರುವ ಕೋಳಿಯನ್ನು ಕೊಯ್ದು ತಿನ್ನುವ, ಅಗ್ಗಕ್ಕೆ ಮಾರುವ ರೂಢಿ ತೀರಾ ಅಪಾಯಕಾರಿ. ಕೊಯ್ಯುವಾಗಲೇ ಸೋಂಕು ತಗಲಬಹುದು. ಆರೋಗ್ಯವಂತ ಕೋಳಿಯ ಮಾಂಸವನ್ನು 70 ಡಿಗ್ರಿ ಸೆಲ್ಸಿಯಸ್ ಮೀರಿ ಒಳಗಿನವರೆಗೆ ಬೇಯಿಸಿದರೆ ಭಯವಿಲ್ಲ.

ಸುದ್ದಿ ಮುಚ್ಚಿಡುವವರಿಗೆ ಇನ್ನೊಂದು ಮಾತು: ರೋಗ ಖಚಿತವಾದರೆ ಸುತ್ತಲಿನ 1 ಕಿಲೋಮೀಟರಿನ ಕೋಳಿಗಳನ್ನು ಕೊಲ್ಲಲಾಗುತ್ತದೆ, ಪರಿಹಾರ ಸಿಗುವುದು ಹಾಗೆ ಕೊಲ್ಲಲಾದ ಕೋಳಿಗಳಿಗೆ ಮಾತ್ರ, ಅದಕ್ಕೂ ಮೊದಲೇ ರೋಗದಿಂದ ಸತ್ತವುಗಳಿಗೆ ಅಲ್ಲ.