ಮೊದಲು ಹೆಸರು, ಆಮೇಲೆ ಎಚ್-ಇಂಡೆಕ್ಸ್

ದಾವಣಗೆರೆಯಲ್ಲಿ ಫಿಸಿಯಾಲಜಿ ಪಾಠ ಮಾಡುತ್ತ ನರವಿಜ್ಞಾನದ ಪೇಪರ್ ಬರೆಯುವ ನನ್ನಂಥವರು ಬಡ್ತಿಗೆ ಅರ್ಜಿ ಹಾಕುವಾಗ ಎರಡು ಕಾಗದ ಕೊಡಬೇಕು: ಪ್ರಕಟಣೆಗಳ ಪಟ್ಟಿ, ಸೈಟೇಶನ್ ಲೆಕ್ಕ (ನಮ್ಮ ಪೇಪರ್‌ಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು). ಲೆಕ್ಕ ಅರ್ಧ ಗಂಟೆಯ ಕೆಲಸ. ಪಟ್ಟಿಗೆ ವಾರಗಟ್ಟಲೆ ಹಿಡಿಯುತ್ತದೆ, ಯಾಕೆಂದರೆ ನಮ್ಮ ಕಡೆಯ ಹೆಸರುಗಳಿಗೆ ಸರ್‌ನೇಮ್ ಇರುವುದಿಲ್ಲ, ಡೇಟಾಬೇಸ್‌ಗೆ ಅದಿಲ್ಲದೆ ನಡೆಯುವುದಿಲ್ಲ.

ಎಚ್.ಎಂ. ಮಂಜುನಾಥ ಎಂಬ ಹೆಸರು ಹಿಡಿಯಿರಿ. ಎಚ್ ಎಂದರೆ ಊರು ಹೊಳಲ್ಕೆರೆ, ಎಂ ಎಂದರೆ ತಂದೆ. ಒಂದು ಜರ್ನಲ್‌ನ ಫಾರ್ಮಿನಲ್ಲಿ 'ಲಾಸ್ಟ್ ನೇಮ್' ಜಾಗಕ್ಕೆ ಮಂಜುನಾಥ ಎಂದು ತುಂಬಿದರೆ ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ 'ಮಂಜುನಾಥ ಎಚ್‌ಎಂ' ಎಂದು ಬರುತ್ತದೆ. ಇನ್ನೊಂದರಲ್ಲಿ ಸಹಲೇಖಕರು ಗಡಿಬಿಡಿಯಲ್ಲಿ ಅಲ್ಲಿ 'ಎಚ್‌ಎಂ' ತುಂಬಿದರೆ 'ಎಚ್‌ಎಂ ಎಂ' ಆಗುತ್ತದೆ. ಕಂಪ್ಯೂಟರಿಗೆ ಇವರು ಇಬ್ಬರು. ಅದಕ್ಕೆ ಊರಿನ ಸ್ಪೆಲ್ಲಿಂಗ್ ಸೇರಿಸಿ: ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಣ' ಆದ ಮೇಲಿನ 'ಎ' ಒಮ್ಮೆ ಇರುತ್ತದೆ, ಒಮ್ಮೆ ಬಿದ್ದುಹೋಗಿರುತ್ತದೆ. ಪಿಎಚ್‌ಡಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಕೆಲಸ ಇಲ್ಲಿ ಎಂದಾದರೆ ಸೈಟೇಶನ್ ಎಣಿಸುವ ಡೇಟಾಬೇಸ್ ಸ್ಕೋಪಸ್‌ನಲ್ಲಿ ಮೂರನೇ ಪ್ರೊಫೈಲ್ ಹುಟ್ಟಿರುವ ಸಾಧ್ಯತೆಯೂ ಉಂಟು.

ಹಾಗಾಗಿ ನಾನು ಯಾವ ವೆಬ್‌ಸೈಟನ್ನೂ ತೆರೆಯುವ ಮೊದಲು ಎಕ್ಸೆಲ್ ಹಾಳೆ ಮಾಡಿಕೊಳ್ಳುತ್ತೇನೆ. ಪೇಪರಿಗೊಂದು ಸಾಲು. ಶೀರ್ಷಿಕೆ, ಜರ್ನಲ್, ಐಎಸ್‌ಎಸ್‌ಎನ್ (ಜರ್ನಲ್‌ನ ನಂಬರ್), ಡಿಒಐ (ಪೇಪರಿನ ನಂಬರ್), ಪಿಎಂಐಡಿ (ಪೇಪರಿಗೆ ಪಬ್‌ಮೆಡ್ ಕೊಡುವ ನಂಬರ್), ಅಚ್ಚಾದ ಹೆಸರು ಅಕ್ಷರ ಬಿಡದೆ, ಲೇಖಕರಲ್ಲಿ ನನ್ನ ಸ್ಥಾನ, ಪೇಪರಿನ ಬಗೆ. ವರ್ಷಕ್ಕೆ ಎರಡು ಕಾಲಂ ಬೇಕು: ಆನ್‌ಲೈನ್ ಬಂದ ವರ್ಷ, ಸಂಚಿಕೆಯ ವರ್ಷ. ಡಿಸೆಂಬರಿನಲ್ಲಿ ಆನ್‌ಲೈನ್ ಬಂದು ಮಾರ್ಚಿ ಸಂಚಿಕೆಗೆ ಸೇರಿದ ಪೇಪರನ್ನು ಪಟ್ಟಿಯಲ್ಲಿ ಎರಡು ಸಲ ಬರೆದಿರುವುದನ್ನು ಎಷ್ಟೋ ಅರ್ಜಿಗಳಲ್ಲಿ ನೋಡಿದ್ದೇನೆ. ಸ್ಥಾನದ ಕಾಲಂ ಅಲಂಕಾರಕ್ಕಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2022ರ ಅಧ್ಯಾಪಕರ ಅರ್ಹತಾ ನಿಯಮ ಮೊದಲ ಮೂವರು ಲೇಖಕರನ್ನೂ ಕರೆಸ್ಪಾಂಡಿಂಗ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ) ಲೇಖಕರನ್ನೂ ಮಾತ್ರ ಒಪ್ಪಿತ್ತು. ಅರ್ಜಿಯ ದಿನ ಜಾರಿಯಲ್ಲಿರುವ ನಿಯಮ ತೆಗೆದು ಓದಿಯೇ ಮುಂದುವರಿಯಿರಿ. ಸಮ್ಮೇಳನದ ಅಬ್‌ಸ್ಟ್ರಾಕ್ಟ್‌ಗಳಿಗೆ ಬೇರೆ ಹಾಳೆ.

ಆಮೇಲೆ ಆರ್ಕಿಡ್. ಸಂಶೋಧಕರಿಗೆ ಕೊಡುವ 16 ಅಂಕಿಯ ಈ ಗುರುತು 2012ರಿಂದ ಇದೆ, ದುಡ್ಡಿಲ್ಲ. ಹಾಳೆಯಲ್ಲಿ ಸಿಕ್ಕ ಎಲ್ಲ ಹೆಸರಿನ ರೂಪಗಳನ್ನೂ ಅಲ್ಲಿ 'ಇತರ ಹೆಸರು' ಎಂದು ಸೇರಿಸಿ. ಸ್ಕೋಪಸ್‌ನಲ್ಲಿ ಪ್ರತಿ ರೂಪವನ್ನೂ ಹುಡುಕಿ, ಸಿಕ್ಕ ಪ್ರೊಫೈಲ್‌ಗಳನ್ನು ಒಟ್ಟುಗೂಡಿಸಲು ತಿದ್ದುಪಡಿ ಕೋರಿಕೆ ಕಳಿಸಿ. ಅವರು ಕೂಡಲೇ ಮಾಡುವುದಿಲ್ಲ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನ ತೊಂದರೆ ತಿರುಗುಮುರುಗು. ಅದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಅದೇ ಇನಿಷಿಯಲ್‌ನ ಚರ್ಮವೈದ್ಯರ ಪೇಪರೂ ನಿಮ್ಮ ಖಾತೆಗೆ ಬೀಳಬಹುದು. ತಾನಾಗಿ ಸೇರಿಸುವ ಆಯ್ಕೆ ತೆಗೆದು, ಇಮೇಲ್‌ನಲ್ಲಿ ಕೇಳಿ ಸೇರಿಸುವಂತೆ ಇಡಿ. ಬಯೋಆರ್ಕೈವ್ ಪ್ರಿಪ್ರಿಂಟ್ (ಜರ್ನಲ್‌ಗೆ ಮೊದಲೇ ಆನ್‌ಲೈನ್ ಹಾಕಿದ ಪ್ರತಿ) ಮತ್ತು ಅಚ್ಚಾದ ಪೇಪರ್ ಎರಡು ಸಾಲಾಗಿ ಕಂಡರೆ ವಿಲೀನ ಮಾಡಿ. ಥೀಸಿಸ್, ಪ್ರಿಪ್ರಿಂಟ್‌ಗಳಲ್ಲಿನ ಉಲ್ಲೇಖವನ್ನೂ ಅದು ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಹೆಚ್ಚೇ.

ಈಗ ಲೆಕ್ಕ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಇಂಡೆಕ್ಸ್ ಕೈಯಲ್ಲೇ ಎಣಿಸಬಹುದು: ಕನಿಷ್ಠ ಎಚ್ ಸಲ ಉಲ್ಲೇಖವಾದ ಪೇಪರ್ ಎಚ್ ಇದ್ದರೆ, ಅಂಥ ಅತಿ ದೊಡ್ಡ ಸಂಖ್ಯೆಯೇ ಎಚ್. ಸೈಟೇಶನ್‌ಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ: 41, 22, 15, 9, 7, 6, 6, 3, 2. ಆರನೆಯದಕ್ಕೆ 6 ಇದೆ, ಏಳನೆಯದಕ್ಕೆ 7 ಇಲ್ಲ. ಎಚ್ 6. ಹತ್ತು ಅಥವಾ ಅದಕ್ಕಿಂತ ಹೆಚ್ಚು ಸೈಟೇಶನ್ ಇರುವವು ಮೂರು, ಅಂದರೆ ಗೂಗಲ್ ಸ್ಕಾಲರ್ ತೋರಿಸುವ ಐ10 ಮೂರು. ಸ್ವಂತ ಉಲ್ಲೇಖ ತೆಗೆದಾಗ 7 ಇದ್ದದ್ದು 5ಕ್ಕೆ, ಒಂದು 6 ನಾಲ್ಕಕ್ಕೆ ಇಳಿಯಿತು ಎನ್ನಿ; ಒಟ್ಟು 111ರಲ್ಲಿ ಹೋದದ್ದು ನಾಲ್ಕೇ, ಎಚ್ ಮಾತ್ರ 5 ಆಯಿತು. ಅಂಚಿನಲ್ಲಿರುವ ಪೇಪರ್‌ಗಳು ಹೀಗೇ. ಮೇಲಿನ 41 ಇದ್ದದ್ದು 400 ಆದರೂ ಎಚ್ ಕದಲುವುದಿಲ್ಲ.

ನರ್ವ್ ಕಂಡಕ್ಷನ್‌ನ ಸಣ್ಣ ಅಧ್ಯಯನವನ್ನು ಮಿದುಳಿನ ಎಂಆರ್‌ಐನ ಬಹುಕೇಂದ್ರ ಪೇಪರಿನ ಪಕ್ಕ ಇಟ್ಟು ಬರೀ ಸೈಟೇಶನ್ ತೂಗುವುದು ಅನ್ಯಾಯ. ಅದಕ್ಕೇ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ಎಂಬ ವೆಬ್‌ಸೈಟಿನಲ್ಲಿ ಪಿಎಂಐಡಿಗಳನ್ನು ಅಂಟಿಸಿ ರಿಲೇಟಿವ್ ಸೈಟೇಶನ್ ರೇಶಿಯೊ ತೆಗೆಯುತ್ತೇನೆ. ಅದೇ ವಿಷಯದ ಪೇಪರ್‌ಗಳ ಜೊತೆ ಹೋಲಿಸಿ ಕೊಡುವ ಸಂಖ್ಯೆ ಇದು, 1.0 ಎಂದರೆ ಎನ್‌ಐಎಚ್ ಅನುದಾನದ ಪೇಪರ್‌ಗಳ ನಡುಮಟ್ಟ. ಪಬ್‌ಮೆಡ್‌ನಲ್ಲಿಲ್ಲದ ಪೇಪರಿಗೆ ಇದು ಸಿಗುವುದಿಲ್ಲ. ಹೊಸ ಪೇಪರಿನದು ತಾತ್ಕಾಲಿಕ.

ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಈಚಿನ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಎಂಬ ಅಳತೆ) ಜರ್ನಲ್‌ನದು, ನಿಮ್ಮದಲ್ಲ. ಆದರೂ ಕಾಲಂ ಇರುತ್ತದೆ, ತುಂಬಲೇಬೇಕು. ಅದನ್ನು ಪ್ರಕಟಿಸುವ ಕಂಪನಿ ಕ್ಲಾರಿವೇಟ್‌ನ ಸಂಖ್ಯೆ ಮಾತ್ರ ಬರೆಯಿರಿ. 2023ರಲ್ಲಿ ಬಿಡುಗಡೆಯಾದ ಪಟ್ಟಿಯಿಂದ ಅವರು ದಶಮಾಂಶದ ನಂತರ ಒಂದೇ ಅಂಕಿ ಕೊಡುತ್ತಾರೆ. ಹಾಗಿದ್ದೂ ಈಚಿನ ವರ್ಷಕ್ಕೆ '5.873' ಎಂದು ವಾಟ್ಸಾಪ್‌ನಲ್ಲಿ ಪೇಪರ್ ಕರೆಯುವ ಜರ್ನಲ್ ಬಗ್ಗೆ ಅನುಮಾನ ಪಡಲೇಬೇಕು. ಹೆಸರಾಂತ ಜರ್ನಲ್‌ನ ನಕಲಿ ಸೈಟ್‌ಗಳೂ ಇವೆ: ಸ್ಕೋಪಸ್‌ನ ಸೋರ್ಸ್ ಪಟ್ಟಿಯಲ್ಲಿ ಐಎಸ್‌ಎಸ್‌ಎನ್ ಹಾಕಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರಿದೆ ಎಂಬುದನ್ನು ನೋಡಿ, ಆ ಪುಟವನ್ನು ಅಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ಜರ್ನಲ್ ಪಟ್ಟಿಯಿಂದ ಬಿದ್ದರೂ ನಿಮ್ಮ ಪೇಪರ್ ಬಂದಾಗ ಅದು ಅಲ್ಲಿತ್ತು ಎನ್ನಲು ದಾಖಲೆ ಬೇಕು.

ಅರ್ಜಿಯಲ್ಲಿ ಒಂಟಿ ಸಂಖ್ಯೆ ಬರೆಯುವುದಿಲ್ಲ. ನನ್ನ ಸಾಲು ಹೀಗಿರುತ್ತದೆ: ಸ್ಕೋಪಸ್, ನೋಡಿದ ತಾರೀಖು, ಪೇಪರ್ 9, ಸೈಟೇಶನ್ 111, ಎಚ್ 6, ಸ್ವಂತದ್ದು ಬಿಟ್ಟು 5. ಅದರ ಕೆಳಗೆ ಗೂಗಲ್ ಸ್ಕಾಲರ್‌ನದು ಬೇರೆ ಸಾಲು.