ಕರಡು ನಿಯಮಕ್ಕೆ ನಾವು ಸಲಹೆ ಬರೆದದ್ದು ಹೀಗೆ

ಸಿವಿಲ್ ಕೋರ್ಟಿನ ನಿಯಮ ಬದಲಾಗಬೇಕಾದರೆ ದೆಹಲಿಯಲ್ಲೇ ಆಗಬೇಕು ಅಂತ ವಕೀಲರಲ್ಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸಿವಿಲ್ ದಾವೆ ಹೇಗೆ ನಡೆಯಬೇಕು ಅಂತ ಹೇಳುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯಲ್ಲಿ, ಮೊದಲು 158 ಕಲಂಗಳಿವೆ, ಅವುಗಳ ಹಿಂದೆ ಮೊದಲ ಅನುಸೂಚಿಯ ಆರ್ಡರ್‌ಗಳು, ಅಂದರೆ ರೂಲ್‌ಗಳ ಅಧ್ಯಾಯಗಳು. ಕಲಂ ಮುಟ್ಟಲು ಶಾಸನ ಸಭೆಯೇ ಬೇಕು. ಆರ್ಡರ್‌ಗಳೊಳಗಿನ ರೂಲ್‌ಗಳನ್ನು 122ನೇ ಕಲಂ ಪ್ರಕಾರ ಹೈಕೋರ್ಟೇ ತಿದ್ದಬಹುದು, ಸೇರಿಸಬಹುದು, ತೆಗೆದೂ ಹಾಕಬಹುದು. ಆದರೆ ಕರಡನ್ನು ಮೊದಲು ಪ್ರಕಟಿಸಿ, ಆಕ್ಷೇಪಣೆ ಕೇಳಬೇಕು.

ಅಂಥದ್ದೊಂದು ಕರಡಿಗೆ ಸಲಹೆ ಬರೆಯುವ ಕೆಲಸ ನಮ್ಮ ವಕೀಲರ ಸಂಘದಿಂದ ನನಗೂ ಇಬ್ಬರು ಕಿರಿಯರಿಗೂ ಬಂತು. ವಿಷಯ ಸಮನ್ಸ್ ಜಾರಿ, ಅಂದರೆ ಕೋರ್ಟಿಗೆ ಬನ್ನಿ ಅನ್ನುವ ಕರೆಯನ್ನು ಪ್ರತಿವಾದಿಗೆ ತಲುಪಿಸುವುದು. ಇಮೇಲ್ ಮೂಲಕ ಸಮನ್ಸ್ ಕಳಿಸಲು ಆರ್ಡರ್ 5ರಲ್ಲಿ 2002ರಿಂದಲೇ ಅವಕಾಶ ಇದೆ. ಈ ಕರಡು ಮೊಬೈಲ್ ಸಂದೇಶವನ್ನೂ ಸೇರಿಸಹೊರಟಿತ್ತು.

ಸದಸ್ಯರಿಂದ ಸಲಹೆ ಕೇಳಿದೆವು. ರಾಶಿ ಬಂತು. ಕೋರ್ಟ್ ಫೀ ಇಳಿಸಿ ಅಂತ ಒಬ್ಬರು. ಅದು ಕರ್ನಾಟಕದ 1958ರ ಬೇರೆಯೇ ಕಾಯ್ದೆ. ಇಪ್ಪತ್ತೈದು ಸಾವಿರದೊಳಗಿನ ಹಣದ ದಾವೆಗೂ ಎರಡನೇ ಅಪೀಲು ಬೇಕು ಅಂತ ಇನ್ನೊಬ್ಬರು. ಅದನ್ನು ತಡೆಯುವುದು 102ನೇ ಕಲಂ, ರೂಲ್ ಅಲ್ಲ. ಬೇಡಿಕೆ ನ್ಯಾಯವಾದದ್ದೇ ಇರಬಹುದು, ಆದರೆ ಬಾಗಿಲು ತಪ್ಪು. ಇಂಥವನ್ನೆಲ್ಲ ಪಕ್ಕಕ್ಕಿಟ್ಟ ಮೇಲೆ ಕೈಯಲ್ಲಿ ಉಳಿದದ್ದು ಸ್ವಲ್ಪವೇ.

ಆಮೇಲೆ ನಮ್ಮದೇ ಆಫೀಸಿನ ಹಳೆಯ ಫೈಲುಗಳ ಆರ್ಡರ್ ಶೀಟ್, ಅಂದರೆ ಪ್ರತಿ ವಾಯಿದೆಯಲ್ಲಿ ಕೋರ್ಟ್ ಬರೆದ ದಾಖಲೆ, ಓದಲು ಕೂತೆವು. ಸುಮ್ನೆ ‘ಜಾರಿ ತಡವಾಗುತ್ತಿದೆ’ ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ? ಎಲ್ಲಿ ನಿಂತಿದೆ ಅಂತ ತೋರಿಸಬೇಕು. ಮನೆಗೆ ಬೀಗ, ವಿಳಾಸ ಸರಿಯಿಲ್ಲ, ಊರಲ್ಲಿಲ್ಲ, ಇವೆಲ್ಲ ನಿರೀಕ್ಷೆಯಂತೆ ಸಿಕ್ಕವು. ಜೊತೆಗೆ ‘ಪ್ರೊಸೆಸ್ ಫೀ ಕಟ್ಟಿಲ್ಲ’ ಅನ್ನುವುದೂ ಮತ್ತೆ ಮತ್ತೆ ಕಂಡಿತು. ಸಮನ್ಸ್ ಕಳಿಸಲು ವಾದಿ ಕಟ್ಟಬೇಕಾದ ಶುಲ್ಕ ಅದು. ಅಂದರೆ ಸಮನ್ಸ್ ಕೋರ್ಟಿನಿಂದ ಹೊರಗೇ ಬಿದ್ದಿಲ್ಲ, ತಡ ವಾದಿಯ ಕಡೆಯದ್ದೇ. ‘ಇದನ್ನ ಬರೀಬೇಡಿ ಸಾರ್, ನಮ್ಮವರೇ ಬೈತಾರೆ’ ಅಂದ ಒಬ್ಬ ಕಿರಿಯ. ಬರೆದೆವು. ಅದನ್ನು ಬಿಟ್ಟು ಮೊಬೈಲಿನ ಬಗ್ಗೆ ಮಾತ್ರ ಮಾತಾಡಿದರೆ ಓದುವ ನ್ಯಾಯಾಧೀಶರಿಗೆ ಗೊತ್ತಾಗದೇ ಇರುತ್ತದಾ?

ಕರಡಿನಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಒಂದು ಮೌನ. ಆ ನಂಬರ್ ಪ್ರತಿವಾದಿಯದ್ದೇ ಅಂತ ಹೇಳುವವರು ಯಾರು? ವಾದಿ ಯಾವುದೋ ನಂಬರ್ ಕೊಡುತ್ತಾನೆ, ಸಂದೇಶ ತಲುಪಿತು ಅಂತ ಫೋನ್ ತೋರಿಸುತ್ತದೆ, ಪ್ರತಿವಾದಿ ಬರುವುದಿಲ್ಲ, ಕೋರ್ಟು ಎಕ್ಸ್ ಪಾರ್ಟಿ ಡಿಕ್ರಿ, ಅಂದರೆ ಅವನಿಲ್ಲದೆಯೇ ತೀರ್ಪು, ಮಾಡುತ್ತದೆ. ಆಮೇಲೆ ಆ ಬಡಪಾಯಿ ಆರ್ಡರ್ 9 ರೂಲ್ 13 ಹಿಡಿದು ಅದನ್ನು ರದ್ದು ಮಾಡಿಸಲು ಓಡಾಡಬೇಕು. ಉಳಿಸಿದ ಸಮಯ ಅಲ್ಲೇ ಹೋಯಿತು ಅಲ್ವಾ.

ಹಾಗಾಗಿ ಮೂರು ಕಾಲಂ ಹಾಕಿದೆವು: ಈಗಿನ ರೂಲ್, ಕರಡು, ನಮ್ಮ ಮಾತು. ಮೂರನೆಯದರಲ್ಲಿ ವಾದ ಮಾಡಲಿಲ್ಲ, ರೂಲಿನ ಭಾಷೆಯಲ್ಲೇ ವಾಕ್ಯ ಕೊಟ್ಟೆವು. ನಂಬರ್ ಹೇಗೆ ಸಿಕ್ಕಿತು ಅಂತ ವಾದಿ ಅಫಿಡವಿಟ್ ಹಾಕಬೇಕು. ಸಮನ್ಸ್ ಕೈಗೆ ಮುಟ್ಟಿಸುವ ಕೋರ್ಟಿನ ನೌಕರ, ಅಮೀನನ ಮೂಲಕದ ಜಾರಿ ಜೊತೆಗೇ ನಡೆಯಬೇಕು. ಮೊಬೈಲ್ ಸಂದೇಶ ಒಂದನ್ನೇ ನೆಚ್ಚಿ ಎಕ್ಸ್ ಪಾರ್ಟಿ ಇಡಬಾರದು. ಬಾಕಿ ಇರುವ ದಾವೆಗಳಿಗೂ ಇದು ಅನ್ವಯಿಸುತ್ತದೋ ಇಲ್ಲವೋ ಅಂತ ಒಂದು ಸಾಲಿನಲ್ಲಿ ಸ್ಪಷ್ಟಪಡಿಸಿ ಅಂತಲೂ ಕೇಳಿದೆವು.

ಕಳಿಸುವಾಗ ನೋಡಬೇಕಾದದ್ದು ನೋಟಿಸಿನ ತಾರೀಖು. ಕರಡನ್ನು ಇಂಥ ದಿನದ ನಂತರ ಪರಿಗಣಿಸುತ್ತೇವೆ ಅಂತ ಅದರಲ್ಲಿ ಇರುತ್ತದೆ. ಅದರೊಳಗೆ ತಲುಪಿಸಿ ಸ್ವೀಕೃತಿ ಪಡೆದೆವು.

ರೂಲ್ ಬದಲಾವಣೆಯ ಬಗ್ಗೆ ಹೈಕೋರ್ಟಿಗೆ ವರದಿ ಕೊಡುವ ನಿಯಮ ಸಮಿತಿಯಲ್ಲಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಇಬ್ಬರು ವಕೀಲರು, ಕೆಳಗಿನ ಸಿವಿಲ್ ಕೋರ್ಟಿನ ಒಬ್ಬ ನ್ಯಾಯಾಧೀಶರು ಇರಬೇಕು ಅಂತ 123ನೇ ಕಲಂ ಹೇಳುತ್ತದೆ. ಮೂವರಲ್ಲಿ ಒಬ್ಬರಾದರೂ ಮೂರು ವರ್ಷ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಆಗಿರಬೇಕು. ಇದು ಒಳ್ಳೆಯ ಏರ್ಪಾಡು. ಅಮೀನ ಬರೆಯುವ ಷರಾ ಓದಿ ಗೊತ್ತಿರುವವರು ಸಮಿತಿಯಲ್ಲಿ ಇದ್ದೇ ಇರುತ್ತಾರೆ.

ನಮ್ಮ ಕಾಗದ ಇನ್ನೂ ದಾರಿಯಲ್ಲಿದೆ. ಸಮಿತಿ ವರದಿ ಕೊಡಬೇಕು, ಹೈಕೋರ್ಟ್ ಅದನ್ನು ನೋಡಬೇಕು, ರಾಜ್ಯ ಸರ್ಕಾರ ಒಪ್ಪಬೇಕು, ಆಮೇಲೆ ಗೆಜೆಟ್. ಗೆಜೆಟ್‌ನಲ್ಲಿ ಬಂದ ದಿನದಿಂದ, ಅಥವಾ ಅದರಲ್ಲೇ ಹೇಳಿದ ಬೇರೆ ದಿನದಿಂದ, ಅದು ಸಿಪಿಸಿಯೊಳಗೇ ಇದ್ದಷ್ಟು ಬಲ ಪಡೆಯುತ್ತದೆ. ಅಲ್ಲಿಯವರೆಗೆ ನಮ್ಮ ದಾವೆಗಳಿಗೆ ಈಗಿನ ರೂಲೇ, ಮತ್ತು ಹೊತ್ತಿಗೆ ಸರಿಯಾಗಿ ಕಟ್ಟಿದ ಪ್ರೊಸೆಸ್ ಫೀ.