ಆರಿಸದೆ ಕೊಳ್ಳುವ ಲೆಕ್ಕ: ಗುಜರಿ ಡಬ್ಬದಿಂದ ಬಂದ ಟೂಲ್ಸ್

ಹದಿನಾಲ್ಕು ತಿಂಗಳು, ಸುಮಾರು 140 ಕೆಜಿ ಕಬ್ಬಿಣ. ಮಾರಿದ್ದು, ವಾಪಸ್ ಕೊಟ್ಟದ್ದು ಎಲ್ಲ ಕಳೆದು ಕೈಯಿಂದ ಹೋದ ದುಡ್ಡು ಐದು ಸಾವಿರದೊಳಗೆ. ಈಗ ಬೆಂಚಿನ ಮೇಲೆ ಇಂಗ್ಲೆಂಡಿನಲ್ಲಿ ಆದ ಸ್ಟ್ಯಾನ್ಲಿ ತೋಪಡಗಳು (ಮರ ಕೀಸುವ ಸಾಧನ) ನಂಬರ್ 5 ಎರಡು, ನಂಬರ್ 4 ಒಂದು, ನಾಲ್ಕು ಇಂಚಿನ ರೆಕಾರ್ಡ್ ವೈಸ್ (ಸಾಮಾನನ್ನು ದವಡೆಯಲ್ಲಿ ಬಿಗಿದು ಹಿಡಿಯುವುದು), ಹನ್ನೊಂದು ಉಳಿ, ಎರಡು ಸೆಟ್ ಆಗುವಷ್ಟು ಸ್ಪ್ಯಾನರ್, ಮತ್ತೆ ಲೆಕ್ಕವಿಡದಷ್ಟು ಡ್ರಿಲ್ ಬಿಟ್ ಇವೆ. ಗುಜರಿಯಲ್ಲಿ ಆರಿಸದೆ ತೂಕಕ್ಕೆ ಎತ್ತುವುದು ಹುಚ್ಚು ಎಂದವರೇ ಈಗ ‘ಯಾವ ಏರಿಯಾ?’ ಎಂದು ಕೇಳುತ್ತಾರೆ. ಅದನ್ನು ಹೇಳುವುದಿಲ್ಲ. ಉಳಿದದ್ದು ಇಲ್ಲಿದೆ.

ಮೊದಲು ಎಲ್ಲರಂತೆ ಸಂಡೆ ಬಜಾರು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಬೆಳಿಗ್ಗೆ ಆರಕ್ಕೇ ಹೋಗಿ ಟಾರ್ಚು ಹಿಡಿದು ಹುಡುಕುವ ಪದ್ಧತಿ. ಎಂಟು ತಿಂಗಳಲ್ಲಿ 14 ಸಾವಿರದ ಹತ್ತಿರ ಸುರಿದೆ, ಉಪಯೋಗಕ್ಕೆ ಬಂದದ್ದು ಅರ್ಧವೂ ಇಲ್ಲ. ಅಲ್ಲಿ ಮಾರುವವರಿಗೆ ಸಾಮಾನಿನ ಬೆಲೆ ಗೊತ್ತಿಲ್ಲದಿರಬಹುದು, ಗಿರಾಕಿಯ ಮುಖ ಓದುವುದು ಚೆನ್ನಾಗಿ ಗೊತ್ತು. ಕೈಗೆತ್ತಿಕೊಂಡು ಎರಡು ಸಲ ತಿರುಗಿಸಿದಿರೋ, 200 ಇದ್ದದ್ದು 600. ‘ಇದು ಕೆಜಿಎಫ್ ಗಣಿಯದು ಸಾರ್, ಬ್ರಿಟಿಷ್ ಮಾಲು’ ಎಂಬ ಮಾತಂತೂ ಪ್ರತಿ ವಾರ. ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿಂದ ಇಷ್ಟು ವರ್ಷ, ಇಷ್ಟು ಸ್ಪ್ಯಾನರ್ ಬರುತ್ತಲೇ ಇರಬೇಕಾದರೆ ಕೆಳಗೆ ಚಿನ್ನಕ್ಕಿಂತ ಹೆಚ್ಚು ಸ್ಪ್ಯಾನರೇ ಇತ್ತೇನೋ. ಊರಿನ ಹೆಸರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಅದಕ್ಕೆ ಡಬ್ಬದ ಲೆಕ್ಕ ಶುರುವಾಯಿತು. ಮನೆ ಮನೆಯಿಂದ ಪೇಪರು, ಕಬ್ಬಿಣ ಕೊಳ್ಳುವ ಬೀದಿಯ ಗುಜರಿ ಅಂಗಡಿ ಐದು ಹಿಡಿದೆ. ಶಿವಾಜಿನಗರದ ಗುಜರಿಯಂಥ ದೊಡ್ಡ ಜಾಗ ಬೇಡ, ಅಲ್ಲಿ ಎಲ್ಲವೂ ಆಗಲೇ ಬೇರೆಯಾಗಿ ಬೆಲೆ ಹತ್ತಿಕೊಂಡಿರುತ್ತದೆ. ಪ್ರತಿ ಅಂಗಡಿಯಲ್ಲೂ 20 ಲೀಟರಿನ ಖಾಲಿ ಪೇಂಟ್ ಡಬ್ಬ ಇಟ್ಟೆ. ಒಪ್ಪಂದ ಇಷ್ಟೇ: ‘ಅಣ್ಣ, ಕೈಲಿ ಹಿಡಿದು ಕೆಲಸ ಮಾಡೋ ಕಬ್ಬಿಣ ಏನೇ ಬಂದ್ರೂ ಇದಕ್ಕೆ ಹಾಕು. ಮುರಿದಿದ್ರೂ ಹಾಕು. ಕೆಜಿಗೆ 60.’ ಆಗ ಅವರು ಕಬ್ಬಿಣ ಕೊಳ್ಳುತ್ತಿದ್ದದ್ದು 28-30ಕ್ಕೆ. ಎರಡರಷ್ಟು ಸಿಗುತ್ತದೆ, ಚೌಕಾಸಿ ಇಲ್ಲ, ಡಬ್ಬದಲ್ಲಿ ಏನಿದೆ ಎಂದು ನಾನು ನೋಡುವುದೂ ಇಲ್ಲ. ತೂಗು, ದುಡ್ಡು ಕೊಡು, ಗಾಡಿಗೆ ಹಾಕು. ಗುಟ್ಟು ಇರುವುದೇ ಇಲ್ಲಿ: ಆರಿಸುವುದನ್ನು ಕಂಡರೆ ತಾನೆ ಅವರಿಗೆ ಯಾವುದು ಬೆಲೆಬಾಳುವುದೆಂದು ತಿಳಿಯುವುದು!

ಐದರಲ್ಲಿ ಎರಡು ಅಂಗಡಿ ಮೂರು ತಿಂಗಳಲ್ಲಿ ಈ ಲೆಕ್ಕದಿಂದ ಬಿದ್ದುಹೋದವು. ಒಂದು ಕಡೆ ಡಬ್ಬದ ತಳಕ್ಕೆ ಸೈಕಲ್ ಬ್ರೇಕು, ಗೇಟಿನ ಕೊಂಡಿ, ಒಮ್ಮೆ ಸಿಮೆಂಟಿನ ತುಂಡು ಕೂಡ. ಇನ್ನೊಂದು ಕಡೆ ಹೊಸ ಹೊಸ ಪ್ಲೇಯರ್‌ಗಳು ಒಂದೇ ಮಾಪಿನವು ಆರಾರು ಬರತೊಡಗಿದವು. ಹಾಗೆ ಬಂದರೆ, ಅಥವಾ ಕಾರ್ಖಾನೆಯ ನಂಬರನ್ನು ಈಚೆಗೆ ಗ್ರೈಂಡರಿನಿಂದ ಅಳಿಸಿದ ಹೊಳಪು ಕಂಡರೆ, ಡಬ್ಬವನ್ನೇ ಬಿಟ್ಟು ಬನ್ನಿ. ಕದ್ದ ಮಾಲು ಕೊಂಡವನೂ ಸಿಕ್ಕಿಬೀಳುತ್ತಾನೆ.

140 ಕೆಜಿಯಲ್ಲಿ ಇಟ್ಟುಕೊಂಡದ್ದು 40ರ ಆಸುಪಾಸು. 80 ಕೆಜಿ ಮತ್ತೆ ಗುಜರಿಗೇ, 28ರಂತೆ, ಆದರೆ ಬೇರೆ ಅಂಗಡಿಗೆ. ಅದೇ ಅಂಗಡಿಗೆ ವಾಪಸ್ ಕೊಟ್ಟರೆ ನೀವು ಏನನ್ನು ಇಟ್ಟುಕೊಂಡಿರಿ ಎಂಬುದು ಅವರಿಗೆ ಗೊತ್ತಾಗುತ್ತದೆ. ಉಳಿದ 20 ಕೆಜಿ ಮಾರಿದ್ದೇ ಈ ಲೆಕ್ಕವನ್ನು ಉಳಿಸಿದ್ದು. ಅದರಲ್ಲಿ ಹೆಚ್ಚಿನದು ಹಳೆ ಬ್ರಿಟಿಷ್ ಇಂಚಿನ ಅಳತೆಯ ವಿಟ್‌ವರ್ತ್ ಸ್ಪ್ಯಾನರ್.

ವಿಟ್‌ವರ್ತ್ ಸ್ಪ್ಯಾನರನ್ನು ಈಗಿನವರು ಎಸೆಯುವುದು ನಂಬರ್ ಓದಿ ಮೋಸಹೋಗಿ. 1/2 ಡಬ್ಲ್ಯೂ ಎಂದು ಇದ್ದರೆ ಅದು ಬೋಲ್ಟಿನ ದಪ್ಪ, ಬಾಯಿ ಅಗಲವಲ್ಲ. ಬಾಯಿ 0.92 ಇಂಚು, ಅಂದರೆ 23.4 ಮಿಮೀ. ನಟ್ಟಿಗೆ ಹಾಕಿ ನೋಡಿ ‘ಇದು ಯಾವುದಕ್ಕೂ ಕೂರಲ್ಲ’ ಎಂದು ಗುಜರಿಗೆ ಹಾಕುತ್ತಾರೆ. ಆದರೆ 3/8 ಡಬ್ಲ್ಯೂ ಬಾಯಿ 18.03 ಮಿಮೀ, 18ರ ನಟ್ಟಿಗೆ ಕೈಬೆರಳಿಗೆ ಉಂಗುರ ಕೂತಂತೆ. 1/4 ಡಬ್ಲ್ಯೂ 13.3, ಇದನ್ನು 13ರ ನಟ್ಟಿಗೆ ಹಾಕಿ ಬಲ ಹಾಕಬೇಡಿ, ಮೂಲೆ ಸವೆದು ದುಂಡಗಾಗುತ್ತದೆ. ಹಳೆ ಬೀಡು (ಎರಕದ ಕಬ್ಬಿಣ) ಎಂಜಿನ್ನಿನ ಬುಲೆಟ್ ಬೈಕ್ ರಿಪೇರಿ ಮಾಡುವವರಿಗೆ ಇವು ಬೇಕೇ ಬೇಕು. ಬಿಡಿಯಾಗಿ ಒಯ್ದರೆ ಒಂದಕ್ಕೆ 50-60 ಕೊಡುತ್ತಾರೆ. 1/8ರಿಂದ 1/2ವರೆಗೆ ಜೋಡಿಸಿ ಬಟ್ಟೆಯ ಚೀಲದಲ್ಲಿ ಸುತ್ತಿ ಒಯ್ದರೆ 900 ಬಂತು. ಮೂರು ಸೆಟ್, ಬಿಡಿಬಿಡಿ, ಮತ್ತೊಂದು ಸಣ್ಣ ವೈಸ್ ಸೇರಿ 3,600 ಚಿಲ್ಲರೆ.

ಸಾಮಾನು ಬರುವುದು ತುಕ್ಕಿನ ಗಡ್ಡೆಯಾಗಿಯೇ. ಇಲ್ಲಿ ಮೊದಲ ಸಲ ಮಾಡಿದ ತಪ್ಪು ಟಾಯ್ಲೆಟ್ ಆಸಿಡ್. ಅರ್ಧ ಗಂಟೆಯಲ್ಲಿ ತುಕ್ಕು ಮಾಯ, ನಿಜ. ಆದರೆ ಹದ ಕೊಟ್ಟ ಉಕ್ಕು ಅದರಲ್ಲಿ ಹೈಡ್ರೋಜನ್ ಕುಡಿದು ಪೆಡಸಾಗಿ, ಒಂದು ಪ್ಲೇಯರ್ ಸ್ಪ್ರಿಂಗ್ ಮತ್ತು ತೆಳ್ಳನೆಯ ಉಳಿಯೊಂದು ಟಕ್ಕೆಂದು ಮುರಿದವು. ಅದಕ್ಕಿಂತ ದೊಡ್ಡ ನಷ್ಟ ಹೊಗೆಯದು. ಮುಚ್ಚಳ ಹಾಕದ ಬಕೆಟ್ಟಿನಿಂದ ಎದ್ದ ಹೊಗೆಗೆ ಒಂದೇ ರಾತ್ರಿಯಲ್ಲಿ ಶೆಡ್ಡಿನಲ್ಲಿದ್ದ ಒಳ್ಳೆಯ ಟೂಲ್ಸಿಗೂ ಕೆಂಪು ಹತ್ತಿತು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಪರವಾಗಿಲ್ಲ, ಲೀಟರಿಗೆ 50 ಗ್ರಾಂ, ಐದಾರು ಗಂಟೆ. ಆದರೆ ಮರೆತು ರಾತ್ರಿಯಿಡೀ ಬಿಟ್ಟರೆ ಮೈ ತಿಂದು ಬೂದುಬಣ್ಣ ಬರುತ್ತದೆ, ಕೆತ್ತಿದ ಅಕ್ಷರ ಮಸುಕಾಗುತ್ತದೆ.

ಕೊನೆಗೆ ನಿಂತದ್ದು ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯ ಮೊಲಾಸಿಸ್. ಪಶು ಆಹಾರದ ಅಂಗಡಿಯಲ್ಲಿ ಸಿಗುತ್ತದೆ, ಕೆಜಿ ಇಪ್ಪತ್ತರ ಆಸುಪಾಸು ಕೊಟ್ಟ ನೆನಪು. 50 ಲೀಟರಿನ ನೀಲಿ ಡ್ರಮ್ಮಿಗೆ ಕಾಕಂಬಿ 4 ಲೀಟರ್, ನೀರು 36. ತುಕ್ಕನ್ನು ಮಾತ್ರ ಹಿಡಿದು ಬಿಡಿಸುತ್ತದೆ, ಗಟ್ಟಿ ಉಕ್ಕನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಏಳೆಂಟು ದಿನ, ಮಳೆಗಾಲದಲ್ಲಿ ಹದಿನೈದಾದರೂ ಬೇಕು. ಬಿಸಿಲು ಬೀಳುವ ಕಡೆ ಡ್ರಮ್ ಇಟ್ಟರೆ ಬೇಗ. ಎರಡು ದಿನಕ್ಕೊಮ್ಮೆ ಎತ್ತಿ ತೆಂಗಿನ ನಾರಿನಿಂದ ಉಜ್ಜಿ ಮತ್ತೆ ಮುಳುಗಿಸಿ, ಮೇಲಿನ ಕಪ್ಪು ಪದರ ಹೋದರೆ ಒಳಗಿನದು ಬೇಗ ಬಿಡುತ್ತದೆ. ಮೊದಲು ಎಣ್ಣೆ, ಗ್ರೀಸ್ ತೆಗೆಯದೆ ಹಾಕಿದರೆ ಆ ಜಾಗ ಹಾಗೇ ಉಳಿಯುತ್ತದೆ. ಬಟ್ಟೆ ಸೋಡಾ ಹಾಕಿದ ಬಿಸಿನೀರಲ್ಲಿ ಕುದಿಸಿ ಆಮೇಲೆ ಹಾಕಿ.

ತೊಂದರೆಗಳೂ ಇವೆ. ಅಲ್ಯೂಮಿನಿಯಂ, ಜಿಂಕ್ ಹಾಕಬೇಡಿ, ಒಂದು ಮೂಲೆಮಟ್ಟದ ಹಿಡಿ ತೂತು ತೂತಾಯಿತು. ಬೀಡಿನ ಸಾಮಾನು ಮೂರು ವಾರ ದಾಟಿದರೆ ಮೇಲ್ಮೈ ಕಪ್ಪಗೆ ಮೆತ್ತಗಾಗಿ ಉಗುರಿಗೆ ಬರುತ್ತದೆ, ಹತ್ತನೇ ದಿನಕ್ಕೆ ತೆಗೆದುಬಿಡಿ. ಇರುವೆ ಸಾಲಿಗೆ ಡ್ರಮ್ಮನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ವಾಸನೆಗೆ ಒಂದು ವಸ್ತು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹೊರತೆಗೆದ ಕೂಡಲೇ ಬಿಸಿನೀರಲ್ಲಿ ತೊಳೆದು, ಬಿಸಿ ಇರುವಾಗಲೇ ಒರೆಸಿ ಎಣ್ಣೆ ಹಚ್ಚದಿದ್ದರೆ ಐದು ನಿಮಿಷದಲ್ಲಿ ಕೆಂಪು. ಹೊಂಗೆಣ್ಣೆ ಹಚ್ಚಿ ನೋಡಿದೆ, ಎರಡು ತಿಂಗಳಿಗೆ ಅಂಟಾಯಿತು. ಹೊಲಿಗೆ ಮೆಷಿನ್ ಎಣ್ಣೆಗೆ ಸ್ವಲ್ಪ ಜೇನುಮೇಣ ಕರಗಿಸಿದ್ದು ಸರಿಹೋಯಿತು. ಕಾಕಂಬಿ ಬದಲು ನೀರಾದ ಹಳೆ ಬೆಲ್ಲವನ್ನೂ ಪರೀಕ್ಷಿಸಿದೆ. ಹುಳಿ ಬಂದು ಬುರುಗೆದ್ದಿತೇ ಹೊರತು ತುಕ್ಕು ಅರ್ಧ ಉಳಿಯಿತು. ಹುಣಸೆ ಹಿತ್ತಾಳೆಗೇ ಸರಿ.

ಹಳೆ ಅರಗಳನ್ನು ಬ್ಯಾಟರಿ ಆಸಿಡ್ಡಿನಲ್ಲಿ ಅದ್ದಿ ಹಲ್ಲು ಚೂಪು ಮಾಡುವುದೂ ನಡೆದಿದೆ. ಹನ್ನೆರಡರಲ್ಲಿ ನಾಲ್ಕು ಪರವಾಗಿಲ್ಲ ಎನ್ನುವಂತಾದವು. ಹೊಸದಕ್ಕೆ 150 ಇರುವಾಗ ಆಸಿಡ್ಡಿನ ಸಹವಾಸ ಬೇಡ ಅನ್ನಿಸಿತು.

ತೋಪಡಗಳ ಮಾತು. ಸ್ಟ್ಯಾನ್ಲಿ, ರೆಕಾರ್ಡ್ ಸಿಕ್ಕರೆ ಬಾಯಿಯ ಎರಡೂ ಮೂಲೆ ಮೊದಲು ನೋಡಿ. ಕೆಳಗೆ ಬಿದ್ದ ತೋಪಡ ಸೀಳುವುದು ಅಲ್ಲೇ. ಸೀಳಿದ ಬೀಡಿಗೆ ಮಾಮೂಲಿ ರಾಡಿನಲ್ಲಿ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ, ನಿಕ್ಕಲ್ ರಾಡಿನ ಖರ್ಚಿಗೆ ಇನ್ನೊಂದು ತೋಪಡ ಬರುತ್ತದೆ. ಹಿಡಿ ಇಲ್ಲದಿದ್ದರೆ ಚಿಂತೆ ಬೇಡ, ಬೀಟೆ ತುಂಡಿನಲ್ಲಿ ಮಾಡಿಕೊಳ್ಳಬಹುದು. ಅದರ ಬೋಲ್ಟ್ ಇಲ್ಲದಿದ್ದರೆ ಚಿಂತೆ. ಥ್ರೆಡ್ ಇಂಚಿಗೆ 20, ದಪ್ಪ ಮಾತ್ರ ಐದೂವರೆ ಮಿಮೀ ಸುತ್ತಮುತ್ತ, ಎಸ್.ಪಿ. ರಸ್ತೆ ಇಡೀ ಸುತ್ತಿದರೂ ಸಿಗಲಿಲ್ಲ. ಉಪಾಯ: 1/4 ವಿಟ್‌ವರ್ತ್ ಕೂಡ ಇಂಚಿಗೆ 20 ಥ್ರೆಡ್ಡೇ. ಆ ಟ್ಯಾಪನ್ನು (ಥ್ರೆಡ್ ಕೊರೆಯುವ ಸಾಧನ) ಹಳೆ ತೂತಿನಲ್ಲಿ ಮೆಲ್ಲಗೆ ಇಳಿಸಿದರೆ ಹಳೆ ಗೀರಿನಲ್ಲೇ ಹೋಗಿ ಅಗಲಿಸುತ್ತದೆ. ಅರ್ಧ ತಿರುವು ಮುಂದೆ, ಕಾಲು ಹಿಂದೆ, ಸೀಮೆಎಣ್ಣೆ ಹನಿ. ಆಮೇಲೆ ಮಾಮೂಲಿ ಬೋಲ್ಟ್ ಸಾಕು. ಹಳೆಯದನ್ನು ಹಾಗೇ ಉಳಿಸಬೇಕೆನ್ನುವ ಸಂಗ್ರಹಕಾರರು ಬೈಯಬಹುದು, ಬೈಯಲಿ, ನನಗೆ ಮರ ಕೀಸುವ ಕೆಲಸವಿದೆ.

ಅಡಿ ಸಮ ಮಾಡಲು ಗಾಜಿನ ಬದಲು ಪಾಲಿಶ್ ಮಾಡಿದ 20 ಮಿಮೀ ಗ್ರಾನೈಟ್ ತುಂಡು. ಜಿಗಣಿ ಕಡೆ ಯಾರ್ಡುಗಳಲ್ಲಿ ಕತ್ತರಿಸಿ ಬಿಟ್ಟದ್ದು ಪುಕ್ಕಟೆಗೇ ಸಿಗುತ್ತದೆ. ಕಡಪಾ ಕಲ್ಲು ಬೇಡ, ಕಣ್ಣಿಗೆ ಸಮ, ಸ್ಕೇಲಿಗೆ ಡೊಂಕು. ತೋಪಡದ ಅಲಗನ್ನು ಕಳಚದೆ, ಹಿಂದಕ್ಕೆ ಎಳೆದು, ಬಿಗಿದೇ 80ರ ಎಮರಿಯಲ್ಲಿ ತಿಕ್ಕಿ. ಕಳಚಿ ತಿಕ್ಕಿದರೆ ಆಮೇಲೆ ಬಿಗಿದಾಗ ಅಡಿ ಮತ್ತೆ ಬಾಗುತ್ತದೆ. ನಂಬರ್ 5ಕ್ಕೆ ಎರಡು ಗಂಟೆ, ಐದಾರು ಹಾಳೆ. ಮೂಗು, ಬಾಯಿಯ ಮುಂದೆ, ಹಿಮ್ಮಡಿ ಈ ಮೂರು ಕಡೆ ಮುಟ್ಟಿದರೆ ನಿಲ್ಲಿಸಿ.

ವೈಸಿನಲ್ಲಿ ತಿಂದ ಪೆಟ್ಟು ಸಂಡೆ ಬಜಾರಿನ ಕಾಲದ್ದು. 1,800 ಕೊಟ್ಟ ಆರಿಂಚಿನ ವೈಸ್, ಹೊಸ ನೀಲಿ ಬಣ್ಣ, ಮೊದಲ ಸಲ ಬಿಗಿದಾಗ ಹಿಂದಿನ ದವಡೆ ಕಳಚಿ ಕೈಗೆ ಬಂತು. ಬಣ್ಣದ ಕೆಳಗೆ ಪುಟ್ಟಿ. ಅಂದಿನಿಂದ ಜೇಬಿನಲ್ಲಿ ಹಳೆ ಸ್ಪೀಕರಿನ ಸಣ್ಣ ಮ್ಯಾಗ್ನೆಟ್. ಪುಟ್ಟಿ ಇದ್ದಲ್ಲಿ ಅದರ ಹಿಡಿತ ಸಡಿಲ. ಸ್ಪ್ಯಾನರಿನಿಂದ ತಟ್ಟಿ ನೋಡುವುದೂ ಇದೆ: ಸರಿಯಾದ ಬೀಡು ಠಣ್ ಎನ್ನುತ್ತದೆ, ಸೀಳಿದ್ದು ಒಡೆದ ಮಡಕೆಯ ಸದ್ದು ಮಾಡುತ್ತದೆ. ಆಮೇಲೆ ಪೂರ್ತಿ ತೆರೆದು ಹಿಡಿಯನ್ನು ಹಿಂದೆ ಮುಂದೆ ಆಡಿಸಿ. ದವಡೆ ಕದಲುವ ಮೊದಲು ಅರ್ಧ ಸುತ್ತಿಗಿಂತ ಹೆಚ್ಚು ಖಾಲಿ ತಿರುಗಿದರೆ ಒಳಗಿನ ನಟ್ಟು ತೀರಿದೆ. ಲೇತಿನಲ್ಲಿ ಹೊಸ ನಟ್ಟು ಮಾಡಿಸಲು 700-800.

ಡ್ರಿಲ್ ಬಿಟ್ಟುಗಳ ವಿಷಯ ಸುಲಭ. ಬಾಲದಲ್ಲಿ ಅಡಿಸನ್, ಐಟಿ ಮುಂತಾದ ಗುರುತು ಉಳಿದಿದ್ದರೆ ಎತ್ತಿಡಿ. ಅಳಿಸಿದ್ದರೆ ಗ್ರೈಂಡರಿಗೆ ಮುಟ್ಟಿಸಿ: ಹೈಸ್ಪೀಡ್ ಸ್ಟೀಲಿನ ಕಿಡಿ ಮಂಕು ಕೆಂಪು, ಕಡಿಮೆ. ಹಳದಿಯಾಗಿ ಹೂಬಾಣದಂತೆ ಸಿಡಿದರೆ ಮಾಮೂಲಿ ಕಾರ್ಬನ್ ಉಕ್ಕು.

ಕರೆಂಟಿನ ಡ್ರಿಲ್ಲುಗಳು ಡಬ್ಬಕ್ಕೆ ಬಾರದಿದ್ದರೂ ಅಂಗಡಿಯವರು ಜೊತೆಗೆ ತಳ್ಳುತ್ತಾರೆ. ರಾಲಿವುಲ್ಫ್ ಅಂಥ ಹಳೆ ಲೋಹದ ಮೈಯವನ್ನು ನೇರ ಪ್ಲಗ್ಗಿಗೆ ಹಾಕಲೇಬೇಡಿ. 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡು (ಕರೆಂಟು ಬಲ್ಬಿನ ಮೂಲಕವೇ ಹಾಯುವಂಥದ್ದು) ಇರಲಿ, ಡ್ರಿಲ್ಲನ್ನು ಒಣ ಹಲಗೆಯ ಮೇಲಿಟ್ಟು ಫೇಸ್ ತುದಿಯನ್ನು ವೈರಿಗೂ ನ್ಯೂಟ್ರಲನ್ನು ಮೈಗೂ ಕೊಟ್ಟಾಗ ಬಲ್ಬು ಮಿಣುಕಿದರೂ ಬೇಡ. ಆ ಹೊತ್ತಿಗೆ ಕೈ ದೂರ. ಮಿಣುಕದಿದ್ದರೂ ಅರ್ಥಿಂಗ್ ಇಲ್ಲದೆ ಓಡಿಸಬೇಡಿ. ಕಮ್ಯುಟೇಟರ್ (ಮೋಟಾರಿನ ತಾಮ್ರದ ಪಟ್ಟಿಗಳ ಉರುಳೆ) ಕಂದು ಬಣ್ಣವಿದ್ದರೆ ಒಳ್ಳೆಯದು, ಒಂದೆರಡು ಪಟ್ಟಿ ಮಾತ್ರ ಸುಟ್ಟು ಕರಿ ಆಗಿದ್ದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಹೋಗಿದೆ. ವೈಂಡಿಂಗ್ ಮಾಡಿಸಲು ಕೇಳಿದ್ದು 900, ಬೇಡವೆಂದೆ. ಅಂಥವು ಮೂರು ಬಿದ್ದಿವೆ. ಚಕ್ ಬಿಚ್ಚಿಟ್ಟುಕೊಂಡು, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿ ತೂಗಿದರೆ ಕೊಟ್ಟದ್ದಕ್ಕಿಂತ ಐವತ್ತೋ ನೂರೋ ಹೆಚ್ಚೇ ಬರುತ್ತದೆ.